ಅಲಗಿನ ಹದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮನೆಯಲ್ಲೇ ಚಾಕು ಮಾಡುವ ಬಗ್ಗೆ ಬರೆದ ಮೇಲೆ ಸಾಕಷ್ಟು ಪತ್ರ ಬಂದವು, ಹೆಚ್ಚಿನವು ಬೆಂಗಳೂರಿನಿಂದಲೇ. ಸುಮಾರು ಜನ ಉಕ್ಕನ್ನೇ ಬೈದಿದ್ದಾರೆ. ಪತ್ರಗಳನ್ನು ಓದುತ್ತಾ ಹೋದರೆ ಉಕ್ಕಿನ ತಪ್ಪು ತುಂಬ ಕಡಿಮೆ, ಬಿಸಿಯ ಲೆಕ್ಕ ತಪ್ಪಿದ್ದೇ ಜಾಸ್ತಿ. ಹಾಗಾಗಿ ಈ ಸಲ ಬಿಸಿಯ ಪ್ರಶ್ನೆಗಳನ್ನೇ ಮೊದಲು ಎತ್ತಿಕೊಂಡಿದ್ದೇನೆ.

*

ಪ್ರಶ್ನೆ: ಸರ್, ಪೀಣ್ಯದಿಂದ 3 ಎಂಎಂ ಓಎಚ್‌ಎನ್‌ಎಸ್ (ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಉಕ್ಕು) ಪಟ್ಟಿ ತಂದು ಅಡುಗೆ ಚಾಕು ಮಾಡಿದೆ. ಕುಲುಮೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದಿದೆ, ಅರ ಹಾಕಿದರೆ ಕಚ್ಚದೆ ಜಾರಿತು, ಅಂದರೆ ಗಟ್ಟಿಯಾಗಿತ್ತು. ಓಟಿಜಿಯಲ್ಲಿ (ಅಡುಗೆಮನೆಯ ಕರೆಂಟ್ ಓವನ್) 200 ಡಿಗ್ರಿಗೆ ಎರಡು ಸಲ ಇಟ್ಟೆ. ಆಮೇಲೆ ಆ್ಯಂಗಲ್ ಗ್ರೈಂಡರ್‌ಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಬಾಯಿ ತೆಳ್ಳಗೆ ಮಾಡಿದೆ. ಈಗ ಹಿಡಿಯ ಕಡೆ ಚೆನ್ನಾಗಿ ಕೊಯ್ಯುತ್ತದೆ, ತುದಿಯ ಎರಡು ಇಂಚು ಮಾತ್ರ ಎರಡೇ ದಿನಕ್ಕೆ ಮೊಂಡಾಗುತ್ತದೆ. ಉಕ್ಕೇ ಕಳಪೆ ಇರಬಹುದಾ?
— ರಾಜಾಜಿನಗರದ ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಉಕ್ಕು ಕಳಪೆಯಾಗಿದ್ದರೆ ಇಡೀ ಅಲಗು ಮೊಂಡಾಗಬೇಕಿತ್ತು, ಅಲ್ವಾ? ಒಂದೇ ಪಟ್ಟಿಯ ಹಿಂಭಾಗ ಚೆನ್ನಾಗಿದ್ದು ತುದಿ ಮಾತ್ರ ಮೆತ್ತಗಿದ್ದರೆ, ನೀವು ಹದ ಮಾಡಿದ ಮೇಲೆ ಆ ತುದಿಗೆ ಮತ್ತೆ ಏನೋ ಆಗಿದೆ ಎಂದರ್ಥ. ಆಗಿದ್ದು ಗ್ರೈಂಡರ್‌ನಲ್ಲಿ. ಉಜ್ಜುವಾಗ ತುದಿ ನೀಲಿಯಾಯಿತಾ, ನೆನಪಿಸಿಕೊಳ್ಳಿ. ಆಗಿರುತ್ತದೆ. ನೀವು ಅದನ್ನು ಪಾಲಿಶ್ ಮಾಡಿ ತೆಗೆದಿರುತ್ತೀರಿ. ಬಣ್ಣ ಹೋಯಿತು, ಪೆಟ್ಟು ಒಳಗೇ ಉಳಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಣ್ಣೆಯಿಂದ ತೆಗೆದಾಗ ಓಎಚ್‌ಎನ್‌ಎಸ್ ಗಾಜಿನ ಹಾಗೆ ಗಟ್ಟಿ, ಕೆಳಗೆ ಬಿದ್ದರೆ ಮುರಿಯುವಷ್ಟು ಪೆಡಸು. 200 ಡಿಗ್ರಿಯಲ್ಲಿ ಮತ್ತೆ ಕಾಯಿಸಿ ಆ ಪೆಡಸು ಇಳಿಸಿದಾಗ, ಅಂದರೆ ಹದ ಕೊಟ್ಟಾಗ, ಗಟ್ಟಿತನ ರಾಕ್‌ವೆಲ್ ಸಿ ಅಳತೆಯಲ್ಲಿ 61ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ. ಅಡುಗೆ ಚಾಕುವಿಗೆ ಅದು ಬಹಳ ಒಳ್ಳೆಯ ಜಾಗ. ಈಗ ಆ ಅಲಗು ಎಲ್ಲೇ ಆಗಲಿ 200 ದಾಟಿ ಬಿಸಿಯಾದರೆ ಆ ಜಾಗದ ಹದ ಮುಂದಕ್ಕೆ ಹೋಗುತ್ತದೆ, ತಣ್ಣಗಾದರೆ ವಾಪಸ್ ಬರುವುದಿಲ್ಲ. ಉಕ್ಕಿನ ಮೈಮೇಲಿನ ಬಣ್ಣ ಇದಕ್ಕೆ ಸಾಕ್ಷಿ. 210ರ ಹತ್ತಿರ ಒಣಹುಲ್ಲಿನ ತಿಳಿ ಹಳದಿ, 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ನೀಲಿ ಕಂಡಿತು ಅಂದರೆ ಅಲ್ಲಿನ ಗಟ್ಟಿತನ 56-57ರ ಕಡೆ ಜಾರಿದೆ. ಸ್ಪ್ರಿಂಗ್‌ಗೆ ಅದು ಸಾಕು, ಈರುಳ್ಳಿ ಹೆಚ್ಚುವ ಚಾಕುವಿನ ಬಾಯಿಗೆ ಸಾಲದು.

ತುದಿಯೇ ಯಾಕೆ? ಅಲ್ಲಿ ಲೋಹ ಕಡಿಮೆ, ಬಿಸಿ ಹರಿದು ಹೋಗಲು ಜಾಗ ಇಲ್ಲ. ಜೊತೆಗೆ ಎಳೆಯುವಾಗ ಕೈ ಕೊನೆಯಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಎಲ್ಲರ ಕೈಯೂ ನಿಲ್ಲುತ್ತದೆ. ನಿಮ್ಮ ಯಂತ್ರದ ವೇಗವನ್ನೂ ನೋಡಿ. 4 ಇಂಚಿನ ಆ್ಯಂಗಲ್ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. 6 ಇಂಚಿನ ಬೆಂಚ್ ಗ್ರೈಂಡರ್ 2,880 ಸುತ್ತಿನಲ್ಲಿ ಸುಮಾರು 23 ಮೀಟರ್. ಹದ ಮಾಡಿದ ಅಲಗಿಗೆ ನಾನು ಬೆಲ್ಟ್ ಗ್ರೈಂಡರನ್ನು 10 ಮೀಟರ್‌ಗೂ ಕೆಳಗೆ ಇಳಿಸಿಕೊಂಡು ಓಡಿಸುತ್ತೇನೆ. ಆ್ಯಂಗಲ್ ಗ್ರೈಂಡರ್ ಹದಕ್ಕೆ ಮುಂಚಿನ ಒರಟು ಕೆಲಸಕ್ಕೆ ಇರಲಿ. ಹದ ಆದ ಮೇಲೆ ಅದನ್ನು ಅಲಗಿನ ಹತ್ತಿರ ತರಲೇಬೇಡಿ.

ಹಾಗಾದರೆ ಉಜ್ಜುವುದು ಹೇಗೆ? ಕೈಗವಸು ಇಲ್ಲದೆ ಹಿಡಿಯಿರಿ, ಬೆರಳಿಗೆ ಬಿಸಿ ಗೊತ್ತಾಗಬೇಕು. ಆದರೆ ಬೆರಳನ್ನೊಂದೇ ನಂಬಬೇಡಿ, ತೆಳು ಬಾಯಿ ಅರೆ ಸೆಕೆಂಡಿನಲ್ಲಿ ಸುಟ್ಟಿರುತ್ತದೆ, ಬೆರಳಿಗೆ ಸುದ್ದಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಪಕ್ಕದಲ್ಲಿ ಬಕೆಟ್ ನೀರು ಇರಲಿ, ಪ್ರತಿ ಎಳೆತಕ್ಕೂ ಮುಂಚೆ ಅದ್ದಿ, ಒರೆಸದೆ ಒದ್ದೆಯಾಗಿಯೇ ಬೆಲ್ಟಿಗೆ ಕೊಡಿ. ಬಾಯಿಯ ಮೇಲಿನ ನೀರಿನ ಹನಿ ಮೇಲೆ ಕಣ್ಣಿಡಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹನಿ ಇನ್ನೂ ಕೂತಿದೆ ಅಂದರೆ ಅದರ ಕೆಳಗಿನ ಉಕ್ಕು 200ರಿಂದ ಬಹಳ ದೂರ ಇದೆ. ಹನಿ ಚುರ್ ಅಂತ ಆರಿತೋ, ತಕ್ಷಣ ತೆಗೆಯಿರಿ. ಬೆಲ್ಟ್ ಹೊಸದಿರಲಿ. ಸವೆದ ಬೆಲ್ಟ್ ಕೊಯ್ಯುವುದಿಲ್ಲ, ಸುಮ್ನೆ ತಿಕ್ಕುತ್ತದೆ, ತಿಕ್ಕಿದ್ದೆಲ್ಲ ಬಿಸಿಯಾಗಿ ಅಲಗಿಗೇ ಹೋಗುತ್ತದೆ. ಬೆಲ್ಟಿನಲ್ಲಿ ಹಣ ಉಳಿಸಲು ಹೋಗಿ ಅಲಗು ಕಳೆದುಕೊಂಡವರನ್ನು ತುಂಬ ನೋಡಿದ್ದೇನೆ.

ನಿಮ್ಮ ಚಾಕು ಹಾಳಾಗಿಲ್ಲ. ಹರಿತವಾದ ಸಣ್ಣ ಅರ ತೆಗೆದುಕೊಂಡು ಹಿಡಿಯಿಂದ ತುದಿಯವರೆಗೆ ಬಾಯಿಯನ್ನು ಮೆಲ್ಲಗೆ ಮುಟ್ಟುತ್ತಾ ಹೋಗಿ. ಎಲ್ಲಿ ಅರ ಹೆಚ್ಚು ಕಚ್ಚುತ್ತದೋ ಅಲ್ಲಿಂದ ಸುಟ್ಟ ಭಾಗ ಶುರು. ಒರಟು ಸಾಣೆಕಲ್ಲಿನಲ್ಲಿ ನೀರು ಹಾಕಿ ಕೈಯಲ್ಲೇ ಆ ಭಾಗವನ್ನು ಅರ್ಧದಿಂದ ಒಂದು ಎಂಎಂ ಸವೆಸಿ. ಸುಟ್ಟಿದ್ದು ಅಂಚಿನಲ್ಲಷ್ಟೇ ಇದ್ದರೆ ಕೆಳಗೆ ಗಟ್ಟಿ ಉಕ್ಕು ಸಿಗುತ್ತದೆ. ಸಿಗದಿದ್ದರೆ ಪೂರ್ತಿ ಮತ್ತೆ ಕಾಯಿಸಿ ಹದ ಮಾಡಬೇಕು, ಆಗ ಬಾಯಿ ತೆಳ್ಳಗಿರುವುದರಿಂದ ಸೊಟ್ಟಗಾಗುವ ಸಾಧ್ಯತೆ ಇದೆ, ನೋಡಿಕೊಂಡು ಮಾಡಿ.

*

ಪ್ರಶ್ನೆ: ಫರ್ನೇಸ್ ಕೊಳ್ಳುವಷ್ಟು ದುಡ್ಡಿಲ್ಲ. ಇದ್ದಿಲ ಕುಲುಮೆಯಲ್ಲಿ ಸರಿಯಾದ ಬಿಸಿ ಬಂತು ಅಂತ ಹೇಗೆ ಗೊತ್ತಾಗುತ್ತದೆ? "ಚೆರ್ರಿ ಕೆಂಪು" ಅಂತಾರೆ, ನನಗೆ ಎಲ್ಲ ಕೆಂಪೂ ಒಂದೇ ಥರ ಕಾಣುತ್ತದೆ.
— ಯಲಹಂಕದ ಓದುಗರು

ಉತ್ತರ: ನಿಮಗೆ ಮಾತ್ರ ಅಲ್ಲ, ಎಲ್ಲರಿಗೂ ಹಾಗೇ. ಮಧ್ಯಾಹ್ನದ ಬಿಸಿಲಲ್ಲಿ 800 ಡಿಗ್ರಿಯ ಉಕ್ಕು ಮಂಕಾಗಿ ಕಾಣುತ್ತದೆ, ಇನ್ನೂ ಬೇಕು ಅಂತ ತಿದಿ ಒತ್ತುತ್ತೀರಿ, ಅದು 900 ದಾಟಿರುತ್ತದೆ. ಅದೇ ಬಿಸಿ ಕತ್ತಲಲ್ಲಿ ಹೊಳೆಯುತ್ತದೆ. ಅದಕ್ಕೇ ಸಂಜೆಗತ್ತಲಲ್ಲಿ, ದಿನಾ ಒಂದೇ ಜಾಗದಲ್ಲಿ ಈ ಕೆಲಸ ಮಾಡಿ.

ಆಯಸ್ಕಾಂತ ಒಂದು ಒಳ್ಳೆಯ ಗುರುತು. 770 ಡಿಗ್ರಿಯ ಹತ್ತಿರ ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಆದರೆ ಓಎಚ್‌ಎನ್‌ಎಸ್‌ಗೆ ಬೇಕಾದ್ದು 790ರಿಂದ 815. ಅಂದರೆ ಅಂಟುವುದು ನಿಂತ ಮೇಲೂ ಒಂದು ಛಾಯೆ ಮೇಲಕ್ಕೆ ಹೋಗಬೇಕು, ಅಲ್ಲಿಗೆ ನಿಲ್ಲಿಸಬೇಕು. ಆ ಒಂದು ಛಾಯೆ ಹಿಡಿಯಲು ಅಡುಗೆ ಉಪ್ಪು ಸಹಾಯ ಮಾಡುತ್ತದೆ. ಉಪ್ಪು ಕರಗುವುದು 801 ಡಿಗ್ರಿಗೆ. ಅಲಗಿನ ಮೇಲೆ ನಾಲ್ಕು ಹರಳು ಉದುರಿಸಿ, ಕರಗಿ ನೀರಾದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಮೊದಲು ಒಂದು ಬೇಡದ ತುಂಡಿನ ಮೇಲೆ ಮಾಡಿ ನೋಡಿ, ಕಣ್ಣಿಗೆ ಆ ಬಣ್ಣ ಅಭ್ಯಾಸವಾಗಲಿ. ಇದಕ್ಕಿಂತ ಭದ್ರ ದಾರಿ ಬೇಕಿದ್ದರೆ ಎಸ್‌.ಪಿ. ರೋಡಿಗೆ ಹೋಗಿ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಮತ್ತು ಅದಕ್ಕೆ ಹೊಂದುವ ಮೀಟರ್ ತನ್ನಿ. ಗ್ರೈಂಡರ್‌ಗಿಂತ ಮುಂಚೆ ಕೊಳ್ಳಬೇಕಾದ ಸಾಮಾನು ಅದು.

ಇನ್ನೊಂದು ವಿಷಯ. ಓಎಚ್‌ಎನ್‌ಎಸ್ ಆ ಬಿಸಿ ಮುಟ್ಟಿದರೆ ಸಾಲದು, ಹತ್ತು ನಿಮಿಷ ಅಲ್ಲೇ ನಿಲ್ಲಬೇಕು. ಒಳಗಿನ ಕಾರ್ಬೈಡ್ (ಕಾರ್ಬನ್ ಸೇರಿದ ಗಟ್ಟಿ ಕಣಗಳು) ಕರಗಲು ಸಮಯ ಬೇಕು. ತೆರೆದ ಇದ್ದಿಲಲ್ಲಿ ಹತ್ತು ನಿಮಿಷ ಒಂದೇ ಬಿಸಿ ಹಿಡಿಯುವುದು ಕಷ್ಟ. ಕುಲುಮೆಯ ಒಳಗೆ ದಪ್ಪ ಕಬ್ಬಿಣದ ಪೈಪ್ ಅಡ್ಡ ಇಟ್ಟು, ಪೈಪಿನೊಳಗೆ ಅಲಗು ಮತ್ತು ಒಂದೆರಡು ಇದ್ದಿಲ ಚೂರು ಹಾಕಿ ಕಾಯಿಸಿ. ಬಿಸಿ ಸಮನಾಗಿ ಬರುತ್ತದೆ, ಇದ್ದಿಲು ಒಳಗಿನ ಆಮ್ಲಜನಕವನ್ನು ತಿಂದುಹಾಕುವುದರಿಂದ ಅಲಗಿನ ಮೇಲ್ಮೈಯ ಕಾರ್ಬನ್ನೂ ಉಳಿಯುತ್ತದೆ. ಎಚ್ಚರ, ನೀರಿನ ಕೆಲಸದ ಜಿಐ ಪೈಪ್ ಬೇಡವೇ ಬೇಡ. ಅದರ ಸತುವಿನ ಲೇಪ ಕಾದಾಗ ಬರುವ ಹೊಗೆ ವಿಷ.

ಸರಿಯಾಗಿ ಬಂತಾ ಅಂತ ನೋಡಲು ನಾನು ಮಾಡುವುದು ಇಷ್ಟೇ. ಅದೇ ಪಟ್ಟಿಯ ಬೆರಳಗಲದ ತುಂಡನ್ನು ಅಲಗಿನ ಥರವೇ ಕಾಯಿಸಿ ಎಣ್ಣೆಗೆ ಅದ್ದಿ, ಹದ ಕೊಡದೆ, ವೈಸ್‌ನಲ್ಲಿ ಬಟ್ಟೆ ಸುತ್ತಿ ಸುತ್ತಿಗೆಯಿಂದ ಮುರಿಯುತ್ತೇನೆ. ಕನ್ನಡಕ ಹಾಕಿಕೊಂಡೇ. ಮುರಿದ ಜಾಗ ಚಿರೋಟಿ ರವೆಗಿಂತ ನುಣ್ಣಗೆ, ಮಂಕು ಬೂದಿ ಬಣ್ಣದಲ್ಲಿದ್ದರೆ ಸರಿ. ಬನ್ಸಿ ರವೆ ಥರ ಹರಳು ಹರಳಾಗಿ ಮಿನುಗಿದರೆ ಬಿಸಿ ಮೀರಿದೆ, ಕಣ ಬೆಳೆದಿದೆ, ಆ ಅಲಗು ಎಷ್ಟು ಗಟ್ಟಿಯಿದ್ದರೂ ಬಾಯಿ ಚೂರು ಚೂರಾಗಿ ಉದುರುತ್ತದೆ.

*

ಪ್ರಶ್ನೆ: ನಮ್ಮದು ಕಮ್ಮಾರರ ಮನೆ. ತಾತ ಕುಡುಗೋಲು, ಮಚ್ಚುಗಳನ್ನು ನೀರಿಗೇ ಅದ್ದಿ ಹದ ಹಾಕುತ್ತಿದ್ದರು, ಒಂದೂ ಸೀಳುತ್ತಿರಲಿಲ್ಲ. ನಾನು ಓಎಚ್‌ಎನ್‌ಎಸ್ ಅಲಗನ್ನು ಹಾಗೇ ನೀರಿಗೆ ಅದ್ದಿದೆ. "ಟಿಂಕ್" ಅಂತ ಸದ್ದು ಬಂತು, ಬಾಯಿಂದ ಬೆನ್ನಿನವರೆಗೆ ಸೀಳು. ತಾತನ ಕೈಯ ಗುಣ ನನಗೆ ಬರಲಿಲ್ಲವಾ?
— ಹೊಸಕೋಟೆಯ ಓದುಗರು

ಉತ್ತರ: ಹಾಗೆಲ್ಲ ಅಂದುಕೊಳ್ಳಬೇಡಿ. ನಿಮ್ಮ ತಾತನ ಕೈಯಲ್ಲಿದ್ದ ಉಕ್ಕು ಬೇರೆ, ನಿಮ್ಮ ಕೈಯಲ್ಲಿರುವುದು ಬೇರೆ. ಸಾದಾ ಕಾರ್ಬನ್ ಉಕ್ಕು ಗಟ್ಟಿಯಾಗಬೇಕಾದರೆ ಒಂದು ಸೆಕೆಂಡ್ ಆಸುಪಾಸಿನಲ್ಲೇ ಬಿಸಿ ದಬಕ್ಕನೆ ಇಳಿಯಬೇಕು, ಅದಕ್ಕೆ ನೀರು. ಓಎಚ್‌ಎನ್‌ಎಸ್‌ನಲ್ಲಿ ಶೇ 0.9ರಷ್ಟು ಕಾರ್ಬನ್ ಜೊತೆಗೆ ಶೇ 1ಕ್ಕೂ ಮೇಲೆ ಮ್ಯಾಂಗನೀಸ್, ಸ್ವಲ್ಪ ಕ್ರೋಮಿಯಂ, ಟಂಗ್‌ಸ್ಟನ್ ಇದೆ. ಇವು ಇರುವುದರಿಂದ ಅದು ನಿಧಾನವಾಗಿ ತಣಿದರೂ ಗಟ್ಟಿಯಾಗುತ್ತದೆ. ಹೆಸರಲ್ಲೇ ಇದೆ ನೋಡಿ, "ಆಯಿಲ್ ಹಾರ್ಡನಿಂಗ್". ಅದಕ್ಕೆ ನೀರು ಕೊಟ್ಟರೆ ತೆಳು ಬಾಯಿ ಗಟ್ಟಿಯಾಗಿ ಹಿಗ್ಗುವಾಗ ದಪ್ಪ ಬೆನ್ನು ಇನ್ನೂ ಕಾದಿರುತ್ತದೆ, ಎರಡರ ಜಗ್ಗಾಟದಲ್ಲಿ ಸೀಳುತ್ತದೆ. ನನ್ನ ಮೊದಲ ಅಲಗೂ ಹೀಗೇ ಸೀಳಿತ್ತು, ಎರಡು ವಾರದ ಕೆಲಸ, ಆ ಸದ್ದು ಈಗಲೂ ಕಿವಿಯಲ್ಲಿದೆ.

ನಾಲ್ಕೈದು ಲೀಟರ್ ಸೂರ್ಯಕಾಂತಿ ಎಣ್ಣೆ, ಉದ್ದನೆಯ ತಗಡಿನ ಡಬ್ಬ, ಅದಕ್ಕೆ ಮುಚ್ಚಳ. ಪ್ಲಾಸ್ಟಿಕ್ ಬೇಡ. ಎಣ್ಣೆಯನ್ನು 50-60 ಡಿಗ್ರಿಗೆ ಬೆಚ್ಚಗೆ ಮಾಡಿ, ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಬೇಗ ಹರಿದು ಬಿಸಿಯನ್ನು ಬೇಗ ಎಳೆಯುತ್ತದೆ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬಳಸಬೇಡಿ, ಅದರ ಹೊಗೆ ಎದೆಗೆ ಕೆಟ್ಟದ್ದು. ಅಲಗನ್ನು ತುದಿ ಕೆಳಗೆ ಮಾಡಿ ಪೂರ್ತಿ ಮುಳುಗಿಸಿ, ಮೇಲೆ ಕೆಳಗೆ ಆಡಿಸಿ. ಅಡ್ಡಡ್ಡ ಆಡಿಸಿದರೆ ಒಂದು ಮೈ ಬೇಗ ತಣಿದು ಸೊಟ್ಟಗಾಗುತ್ತದೆ.

ಸೀಳಿಗೆ ಇನ್ನೊಂದು ಕಾರಣ ಗ್ರೈಂಡಿಂಗ್‌ನಲ್ಲೇ ಇರುತ್ತದೆ. ಹದಕ್ಕೆ ಮುಂಚೆ ಬಾಯಿಯನ್ನು ಪೂರ್ತಿ ತೆಳ್ಳಗೆ ಮಾಡಬೇಡಿ, ಅರ್ಧದಿಂದ ಮುಕ್ಕಾಲು ಎಂಎಂ ದಪ್ಪ ಬಿಡಿ. ಒರಟಾದ 36 ಗ್ರಿಟ್ ಬೆಲ್ಟಿನ ಅಡ್ಡ ಗೀರುಗಳು ಉಳಿದಿದ್ದರೆ ಪ್ರತಿ ಗೀರೂ ಸೀಳಿಗೆ ಬಾಗಿಲು, ಕನಿಷ್ಠ ಅದಕ್ಕಿಂತ ನುಣುಪಾದ 120 ಗ್ರಿಟ್‌ಗೆ ತಂದು, ಕೊನೆಯ ಗೀರು ಅಲಗಿನ ಉದ್ದಕ್ಕೇ ಇರುವ ಹಾಗೆ ಉಜ್ಜಿ. ಹಿಡಿ ಶುರುವಾಗುವ ಕಡೆ ಚೂಪು ಮೂಲೆ ಬೇಡ, ದುಂಡಗಿರಲಿ. ಸೊಟ್ಟಗಾದರೆ ಗಾಬರಿ ಬೇಡ. ಎಣ್ಣೆಯಿಂದ ಸುಮಾರು 200 ಡಿಗ್ರಿ ಇರುವಾಗಲೇ ತೆಗೆದರೆ ದಪ್ಪ ಕೈಗವಸು ಹಾಕಿ ಬಗ್ಗಿಸಿ ನೆಟ್ಟಗೆ ಮಾಡಬಹುದು, ಆಗ ಅದು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಸಿಗುವ ಸಮಯ ಸ್ವಲ್ಪವೇ. ತಣ್ಣಗಾದ ಮೇಲೆ ಬಗ್ಗಿಸಿದರೆ ಎರಡು ತುಂಡು.

ಅಂದ ಹಾಗೆ, ತಾತ ಬಾಯಿಯನ್ನಷ್ಟೇ ಅದ್ದಿ, ತೆಗೆದು, ಕಲ್ಲಿನಲ್ಲಿ ಒಮ್ಮೆ ತಿಕ್ಕಿ, ಬೆನ್ನಿನ ಬಿಸಿ ಬಾಯಿಗೆ ಹರಿದು ಬರುವ ಬಣ್ಣವನ್ನು ನೋಡಿ ಹಳದಿ ಕಂಡೊಡನೆ ಮತ್ತೆ ಅದ್ದುತ್ತಿದ್ದರಾ? ಹಾಗಿದ್ದರೆ ಅವರು ಓಟಿಜಿಯ ಕೆಲಸವನ್ನು ಬರೀ ಕಣ್ಣಲ್ಲಿ ಮಾಡುತ್ತಿದ್ದರು. ಮನೆಯಲ್ಲಿ ಹಿರಿಯರು ಯಾರಾದರೂ ಆ ವಿದ್ಯೆ ಬಲ್ಲವರಿದ್ದರೆ ದಯವಿಟ್ಟು ಕೂತು ಕಲಿಯಿರಿ, ಬರೆದಿಡಿ.

*

ಪ್ರಶ್ನೆ: ಗುಜರಿಯಲ್ಲಿ ಲಾರಿ ಕಮಾನು ಪಟ್ಟಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅದು ಸಾಕಾ, ಅಥವಾ ಎಚ್‌ಸಿಎಚ್‌ಸಿಆರ್ ಕೊಳ್ಳಲಾ?
— ಜೆ.ಪಿ. ನಗರದ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಕಮಾನು ಪಟ್ಟಿ ಮಚ್ಚಿಗೆ ಚೆನ್ನ, ಪೆಟ್ಟು ತಡೆಯುತ್ತದೆ. ಆದರೆ ವರ್ಷಗಟ್ಟಲೆ ಲಾರಿ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಯಾವ ಉಕ್ಕು ಅಂತ ಖಾತ್ರಿಯೂ ಇಲ್ಲ. ಕಲಿಯುವಾಗ ಒಂದು ಅಲಗು ಕೆಟ್ಟರೆ ತಪ್ಪು ನಿಮ್ಮದಾ ಉಕ್ಕಿನದಾ ಅಂತ ತಿಳಿಯಬೇಕು, ಅದಕ್ಕೇ ಹೊಸ ಓಎಚ್‌ಎನ್‌ಎಸ್ ತನ್ನಿ ಅನ್ನುತ್ತೇನೆ. ಅಂಗಡಿಯಲ್ಲಿ ಇಎನ್8 ಅನ್ನುವ ಉಕ್ಕು ಕೊಟ್ಟರೆ ಬೇಡ ಅನ್ನಿ, ಅದರಲ್ಲಿ ಕಾರ್ಬನ್ ಶೇ 0.4ರಷ್ಟೇ, ಶಾಫ್ಟಿಗೆ ಆಯಿತು, ಚಾಕುವಿಗಲ್ಲ.

ಎಚ್‌ಸಿಎಚ್‌ಸಿಆರ್ ಅಂದರೆ ಹೊರಗಿನವರು ಡಿ2 ಅನ್ನುವ ಉಕ್ಕು. ಶೇ 12ರ ಹತ್ತಿರ ಕ್ರೋಮಿಯಂ, ಬಾಯಿ ಬಹಳ ದಿನ ನಿಲ್ಲುತ್ತದೆ. ಆದರೆ ಅದಕ್ಕೆ 1,010 ಡಿಗ್ರಿಗೂ ಮೇಲೆ ಬೇಕು, ಗಾಳಿ ತಾಗದಂತೆ ಬೇಕು, ಅರ್ಧ ಗಂಟೆ ಹಿಡಿಯಬೇಕು. ಇದ್ದಿಲ ಕುಲುಮೆಯಲ್ಲಿ ಆಗದ ಮಾತು. ಅಂಥ ಅಲಗುಗಳನ್ನು ಐದಾರು ಸೇರಿಸಿ ಪೀಣ್ಯದಲ್ಲಿ ವ್ಯಾಕ್ಯೂಮ್ ಫರ್ನೇಸ್ ಇರುವ ಜಾಬ್‌ವರ್ಕ್‌ನವರಿಗೆ ಕೊಡಿ. ಸ್ನೇಹಿತರದ್ದೂ ಸೇರಿಸಿದರೆ ಖರ್ಚು ಹಂಚಿಹೋಗುತ್ತದೆ. ಕೊಡುವಾಗ ಉಕ್ಕಿನ ಹೆಸರು, ಬೇಕಾದ ಗಟ್ಟಿತನ, ಉದಾಹರಣೆಗೆ "60, ಒಂದು ಆಚೀಚೆ ನಡೆಯುತ್ತದೆ" ಅಂತ ಚೀಟಿಯಲ್ಲಿ ಬರೆದುಕೊಡಿ. ಅಲಗುಗಳನ್ನು ಮಲಗಿಸದೆ ತೂಗುಹಾಕಲು ಕೇಳಿಕೊಳ್ಳಿ, ಅದಕ್ಕೆ ಹಿಡಿಯ ಕಡೆ ತೂತು ಮೊದಲೇ ಕೊರೆದಿರಬೇಕು. ಅವರು ದಿನಾ ನೋಡುವುದು ಡೈ, ಪಂಚ್ ಥರದ ದಪ್ಪ ಸಾಮಾನು, ತೆಳು ಅಲಗು ಅಪರೂಪ. ವಿವರಿಸಿ ಹೇಳಿದರೆ ಕೇಳಿಸಿಕೊಳ್ಳುತ್ತಾರೆ.

*

ಪ್ರಶ್ನೆ: ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಟೆರೇಸ್ ಮೇಲೆ ಗ್ರೈಂಡರ್ ಇಟ್ಟುಕೊಂಡು ಚಾಕು ಮಾಡುತ್ತಾನೆ. ಬೇಡ ಅನ್ನಲು ಮನಸ್ಸಿಲ್ಲ, ಅವನ ಖುಷಿ ನೋಡಿದ್ದೇನೆ. ಆದರೆ ಕಿಡಿ ಹಾರುವುದು ನೋಡಿದರೆ ಭಯ ಆಗುತ್ತದೆ.
— ಜಯನಗರದ ತಾಯಿಯೊಬ್ಬರು

ಉತ್ತರ: ಅಮ್ಮಾ, ನಿಮ್ಮ ಭಯ ಸರಿಯಾಗಿಯೇ ಇದೆ, ಬೇಡ ಅನ್ನದೆ ಇರುವುದೂ ಸರಿ. ಕಿಡಿಗಿಂತ ನನಗೆ ಹೆಚ್ಚು ಚಿಂತೆ ಆ ದೂಳಿನದು. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಪುಡಿ, ಬೆಲ್ಟಿನ ಪುಡಿ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಕರ್ಚೀಫು ಕಟ್ಟಿಕೊಂಡರೆ ಏನೂ ಪ್ರಯೋಜನ ಇಲ್ಲ. ಕನಿಷ್ಠ ಎನ್95, ಸಾಧ್ಯವಾದರೆ ಫಿಲ್ಟರ್ ಬದಲಿಸುವ ರಬ್ಬರ್ ಮಾಸ್ಕ್ ಕೊಡಿಸಿ. ಹುಟ್ಟುಹಬ್ಬಕ್ಕೆ ಅದನ್ನೇ ಕೊಡಿ. ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ, ಅದರ ಮೇಲೆ ಮುಖದ ಶೀಲ್ಡ್. ಮೈಮೇಲೆ ಹತ್ತಿ ಬಟ್ಟೆ, ನೈಲಾನ್ ಟೀ ಶರ್ಟ್ ಬೇಡ. ಕೈಯಲ್ಲಿ ಕಟ್ಟಿದ ದೇವಸ್ಥಾನದ ದಾರ, ಬಳೆ, ವಾಚು ತೆಗೆದಿಟ್ಟು ಕೂರಲಿ. ಓಡುವ ಬೆಲ್ಟಿನ ಮುಂದೆ ಕೈಗವಸು ಬೇಡ, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಆ್ಯಂಗಲ್ ಗ್ರೈಂಡರಿನ ಗಾರ್ಡ್ ಬಿಚ್ಚಿಟ್ಟಿದ್ದಾನಾ ಅಂತ ಒಂದು ಸಲ ನೀವೇ ಹೋಗಿ ನೋಡಿ.

ಮರದ ಹಿಡಿ ಉಜ್ಜಿದ ಪುಡಿ ಮತ್ತು ಉಕ್ಕಿನ ಕಿಡಿ ಒಂದೇ ಜಾಗದಲ್ಲಿ ಸೇರಬಾರದು, ಬೆಂಕಿ ಹೊಗೆಯಾಡುತ್ತಾ ಗಂಟೆಗಟ್ಟಲೆ ಕಾಯಬಲ್ಲದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು. ಒಗ್ಗರಣೆಗೆ ಬೆಂಕಿ ಹತ್ತಿದಾಗ ನೀವು ಮಾಡುವುದೂ ಅದನ್ನೇ. ಇದು ನಿಮಗೂ ಗೊತ್ತು, ಅವನಿಗೂ ತೋರಿಸಿ.

*

ಪ್ರಶ್ನೆ: ಓಟಿಜಿಯಲ್ಲಿ ಹದ ಮಾಡುವಾಗ ಕರೆಂಟ್ ಹೋಯಿತು, ಒಂದು ಗಂಟೆ ಬರಲಿಲ್ಲ. ಅಲಗು ಕೆಟ್ಟಿತಾ?
— ಕೆಂಗೇರಿಯ ಓದುಗರು

ಉತ್ತರ: ಇಲ್ಲ. ಕರೆಂಟ್ ಬಂದ ಮೇಲೆ 200 ಡಿಗ್ರಿ ಮುಟ್ಟಿದ ಹೊತ್ತಿನಿಂದ ಉಳಿದ ಸಮಯ ಕೊಡಿ, ಸಾಕು. ಎರಡು ಗಂಟೆಯ ಎರಡು ಸುತ್ತು ಬೇಕೇ ಬೇಕು. ಮೊದಲ ಸುತ್ತಿನಲ್ಲಿ, ಗಟ್ಟಿಯಾಗದೆ ಉಳಿದಿದ್ದ ಸ್ವಲ್ಪ ಭಾಗ ತಣಿಯುವಾಗ ಹೊಸದಾಗಿ ಗಟ್ಟಿಯಾಗುತ್ತದೆ, ಅದಕ್ಕೆ ಹದ ಕೊಡುವುದು ಎರಡನೇ ಸುತ್ತು. ಓಟಿಜಿಯ ಗುಬುಟು ತೋರಿಸುವ ಅಂಕಿ ನಂಬಬೇಡಿ, 20 ಡಿಗ್ರಿ ಆಚೀಚೆ ಆಗುತ್ತಿರುತ್ತದೆ. ಒಳಗೆ ಒಂದು ಟ್ರೇ ಮರಳು ಹಾಕಿ ಅಲಗನ್ನು ಅದರಲ್ಲಿ ಹೂತಿಡಿ, ಬಿಸಿ ಏರಿಳಿಯುವುದು ಕಡಿಮೆಯಾಗುತ್ತದೆ.

ನಿಜವಾದ ಅಪಾಯ ಬೇರೆ. ಎಣ್ಣೆಗೆ ಅದ್ದಿದ ಮೇಲೆ, ಹದ ಶುರುವಾಗುವ ಮುಂಚೆಯೇ ಕರೆಂಟ್ ಹೋದರೆ ಅಲಗನ್ನು ಹಾಗೇ ರಾತ್ರಿ ಬಿಡಬೇಡಿ, ತನ್ನಷ್ಟಕ್ಕೆ ಸೀಳಬಹುದು. ಗ್ಯಾಸ್ ಒಲೆ ಮೇಲೆ ದಪ್ಪ ಕಾವಲಿ, ಕಾವಲಿ ಮೇಲೆ ಮರಳು, ಮರಳಿನಲ್ಲಿ ಥರ್ಮೋಕಪಲ್. 150 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿದರೂ ಬೆಳಗಿನವರೆಗೆ ನೆಮ್ಮದಿ.

*

ಪ್ರಶ್ನೆ: ಅತ್ತೆಯವರ ಈಳಿಗೆಮಣೆಯ ಅಲಗು ಸವೆದು ಹೋಗಿದೆ. ಅದಕ್ಕೆ ಓಎಚ್‌ಎನ್‌ಎಸ್ ಅಲಗು ಮಾಡಿಸಬಹುದಾ?
— ಮಲ್ಲೇಶ್ವರದ ಓದುಗರು

ಉತ್ತರ: ಖಂಡಿತ, ಈ ಪ್ರಶ್ನೆ ಬಂದಿದ್ದು ತುಂಬ ಸಂತೋಷ. ಮಣೆಗೆ ಸೇರುವ ಕಾಲು ಮತ್ತು ಬೆನ್ನು ಗಟ್ಟಿ ಆಗಬಾರದು, ತೆಂಗಿನಕಾಯಿ ಒಡೆದ ಪೆಟ್ಟಿಗೆ ಮುರಿಯುತ್ತದೆ. ಮಾಡುವವರಿಗೆ ಬಾಯಿಯ ಕಡೆಯನ್ನು ಮಾತ್ರ ಕಾಯಿಸಿ ಅದ್ದಲು ಹೇಳಿ, ಹದವನ್ನೂ 220ರವರೆಗೆ ಏರಿಸಿದರೆ ಒಳ್ಳೆಯದು. ಓಎಚ್‌ಎನ್‌ಎಸ್‌ಗೆ ತುಕ್ಕು ಹಿಡಿಯುತ್ತದೆ. ಮಾವಿನಕಾಯಿ, ನಿಂಬೆ ಕೊಯ್ದ ಮೇಲೆ ಬೇಗ ಒರೆಸಿ, ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಕೆಲವು ತಿಂಗಳಲ್ಲಿ ಅಲಗು ಬೂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ತಿಕ್ಕಿ ತೆಗೆಯಬೇಡಿ, ಆ ಪದರ ಇದ್ದರೆ ಕೆಂಪು ತುಕ್ಕು ಬೇಗ ಹತ್ತುವುದಿಲ್ಲ. ಹಳೆಯ ಅಲಗನ್ನು ಎಸೆಯಬೇಡಿ. ಒಂದು ಅರ ಹಾಕಿ ನೋಡಿ, ಎಲ್ಲಿ ಜಾರುತ್ತದೆ ಎಲ್ಲಿ ಕಚ್ಚುತ್ತದೆ ಅಂತ ನನಗೆ ಬರೆದು ಕಳಿಸಿ.